ಬ್ಯಾಟರಿ ಪಿಕಪ್: ಮೊದಲು ದಾರಿ, ಆಮೇಲೆ ಗಾಡಿ



“ಬ್ಯಾಟರಿ ಪಿಕಪ್ ಕೊಳ್ಳಲು ಸಂಘದಿಂದ ಸಾಲ ಸಿಗುತ್ತದೆಯೇ?” ಹರಪನಹಳ್ಳಿ, ಕೊಟ್ಟೂರು ಕಡೆಯ ಅಡಿಕೆ ಬೆಳೆಗಾರರು ಈಚೆಗೆ ಕಚೇರಿಗೆ ಬಂದಾಗಲೆಲ್ಲ ಕೇಳುವ ಮಾತು ಇದು. ಡೀಸೆಲ್ ಖರ್ಚಿನಿಂದ ಬೇಸತ್ತವರು ಹೀಗೆ ಕೇಳುವುದು ಸಹಜ. ಆದರೆ ಅರ್ಜಿಗೆ ರುಜು ಹಾಕುವ ಮುನ್ನ ಕೂತು ಲೆಕ್ಕ ಹಾಕೋಣ.

ಈ ಗಾಡಿ ತೀರ ಹೊಸದಲ್ಲ. ಅಮೆರಿಕದಲ್ಲಿ 1997ರಲ್ಲಿ ಷೆವ್ರೊಲೆ ಎಸ್-10, ಮರುವರ್ಷ ಫೋರ್ಡ್ ರೇಂಜರ್ ಪಿಕಪ್‌ಗಳು ಬ್ಯಾಟರಿಯಿಂದ ಓಡಿದವು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಅವನ್ನು ಕೈಬಿಟ್ಟವು. ಬಾಡಿಗೆ ಕರಾರಿನ ಮೇಲೆ ಕೊಟ್ಟಿದ್ದ ಗಾಡಿಗಳನ್ನು ಹಿಂದಕ್ಕೆ ಪಡೆದು ಎಷ್ಟನ್ನೋ ಗುಜರಿಗೆ ಹಾಕಿದವು. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಕಾರು ಮಾರಾಟಕ್ಕೆ ಬಂತು, ಲಂಡನ್ನಿನ ಬೀದಿಗೂ ಹೋಯಿತು. ಅದರ ಹಳೆಯ ಸೀಸದ ಬ್ಯಾಟರಿಯೇ ಅದಕ್ಕೆ ಭಾರವಾಗಿತ್ತು. ನಾವೂ ಹಿಂದೊಮ್ಮೆ ಬ್ಯಾಟರಿ ಸ್ಕೂಟರ್ ಕೊಂಡು ಪಾಠ ಕಲಿತವರೇ. ಮೂರನೆಯ ವರ್ಷ ಬ್ಯಾಟರಿ ಸತ್ತಿತು; ಹೊಸದನ್ನು ಕೇಳಲು ಹೋದರೆ ಮಾರಿದ ಅಂಗಡಿಯೇ ಅಲ್ಲಿರಲಿಲ್ಲ.

ಈಗಿನ ಲಿಥಿಯಂ ಬ್ಯಾಟರಿ ಎಷ್ಟೋ ಮೇಲು. 2022ರಲ್ಲಿ ಟಾಟಾ ಕಂಪನಿ ತೋರಿಸಿದ ಏಸ್ ಇ.ವಿ. ಗಾಡಿಯನ್ನೇ ನೋಡಿ. ಬ್ಯಾಟರಿ 21.3 ಯೂನಿಟ್ಟಿನದು, ಹೊರೆ 600 ಕಿಲೋ, ಕಂಪನಿ ಹೇಳುವ ಓಟ 154 ಕಿ.ಮೀ. ಹೊರೆ, ಬಿಸಿಲು, ನಮ್ಮ ತೋಟದ ದಾರಿ ಇವನ್ನೆಲ್ಲ ನೆನೆದು 100 ಕಿ.ಮೀ. ಎಂದು ಹಿಡಿಯುವುದು ಕ್ಷೇಮ. ಚಾರ್ಜು ಮಾಡುವಾಗಿನ ನಷ್ಟ ಸೇರಿ 24 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿಯಂತೆ ಸುಮಾರು 145 ರೂಪಾಯಿ. ಲೀಟರಿಗೆ 18 ಕಿ.ಮೀ. ಕೊಡುವ ಡೀಸೆಲ್ ಗಾಡಿಗೆ, ಲೀಟರು 90 ರೂಪಾಯಿ ಎಂದರೂ, ಅಷ್ಟೇ ದೂರಕ್ಕೆ 500 ರೂಪಾಯಿ.

ಉಳಿತಾಯ ನಿಜ. ಆದರೆ ತಿಂಗಳಿಗೆ 25 ದಿನ ಓಡಿಸಿದರೆ 600 ಯೂನಿಟ್ ಆಯಿತು. ಮನೆಯ ಮೀಟರಿನ ಬಳಕೆ 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿಯ ರಿಯಾಯಿತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಇನ್ನು ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ನೀರೆತ್ತಲು ಕೊಟ್ಟದ್ದು. ಅದರಿಂದ ಗಾಡಿ ಚಾರ್ಜು ಮಾಡುವುದು ತಪ್ಪು. ಬೋರ್‌ವೆಲ್ಲಿಗೇ ಸಾಲದ ತ್ರೀ ಫೇಸನ್ನು ಗಾಡಿಗೂ ಹಂಚಿ ತೋಟ ಒಣಗಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ. ಹಡಗಲಿಯ ಮಲ್ಲಿಗೆ ಹಗುರ. ದಿನವೂ ಅದೇ ಹೊತ್ತು, ಅದೇ ಹತ್ತಿರದ ಪೇಟೆ. ಅದಕ್ಕೆ ಈ ಗಾಡಿ ಹೇಳಿ ಮಾಡಿಸಿದಂತಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆ ಗೊಬ್ಬರ, ಪೈಪು, ಸಸಿ ಹಂಚುವ ಸುತ್ತಾಟಕ್ಕೂ ಆಗುತ್ತದೆ. ಅಡಿಕೆಯ ಮಾತು ಬೇರೆ. 70 ಕಿಲೋ ಚೀಲ ಹಿಡಿಯುವುದು ಎಂಟೇ. ಹರಪನಹಳ್ಳಿಯಿಂದ ದಾವಣಗೆರೆಗೆ ಹೋಗಿ ಬರಲು ನೂರು ಕಿ.ಮೀ. ಆಸುಪಾಸು, ಅಲ್ಲಿ ಚಾರ್ಜು ಸಿಗದಿದ್ದರೆ ಎದೆ ಡವಗುಟ್ಟುತ್ತದೆ. ಶಿವಮೊಗ್ಗದ ಮಂಡಿಯಂತೂ ದೂರವೇ ಉಳಿಯಿತು. ಕಾಫಿ ಸೀಮೆಯ ಸದಸ್ಯರಿಗೂ ಒಂದು ಮಾತು: ಇಳಿಜಾರಿನಲ್ಲಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತು ಮರಳುವುದು ನಿಜ, ಆದರೆ ಹೊರೆ ಹೊತ್ತು ಘಟ್ಟ ಹತ್ತುವಾಗ ಖರ್ಚಾಗುವಷ್ಟು ಮರಳುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಒಬ್ಬೊಬ್ಬ ಸಣ್ಣ ಬೆಳೆಗಾರ ತೋಟ ಅಡವಿಟ್ಟು ಈ ಪ್ರಯೋಗ ಮಾಡುವುದು ಬೇಡ. ಸಂಘವೇ ಒಂದು ಗಾಡಿಯನ್ನು ಒಂದು ಹಂಗಾಮಿನ ಮಟ್ಟಿಗೆ ಬಾಡಿಗೆಗೆ ಪಡೆದು ಗೊತ್ತಾದ ದಾರಿಯಲ್ಲಿ ಓಡಿಸಲಿ. ಓಟ, ಹೊರೆ, ಯೂನಿಟ್, ಕೆಟ್ಟು ನಿಂತ ದಿನ, ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಮಹಾಸಭೆಯ ಮುಂದಿಡೋಣ. ಆಮೇಲೂ ಬ್ಯಾಟರಿಯ ಗ್ಯಾರಂಟಿ ಕಾಗದದ ಮೇಲಿದ್ದು, ರಿಪೇರಿ ಮಾಡುವವರು ದಾವಣಗೆರೆಯಲ್ಲೋ ಹೊಸಪೇಟೆಯಲ್ಲೋ ಇದ್ದರೆ ಮಾತ್ರ ಸಾಲದ ಮಾತು. ನಷ್ಟವಾದರೆ ಸಂಘದಲ್ಲಿ ಎಲ್ಲರೂ ಹಂಚಿಕೊಂಡು ತಡೆಯಬಹುದು. ಎರಡೆಕರೆಯವನು ಒಬ್ಬನೇ ತಡೆಯಲಾರ.