ಹೆಸರು ಐ7, ಹುಟ್ಟಿದ್ದು ಯಾವ ವರ್ಷ?

2024ರ ಮೇ ತಿಂಗಳ ಒಂದು ಶನಿವಾರ ಮಗಳ ಜೊತೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಪಿಯುಸಿ ಮುಗಿಸಿದ್ದ ಅವಳಿಗೆ ಕಂಪ್ಯೂಟರ್ ಬೇಕಿತ್ತು. ಅದೂ ಗೇಮ್ ಆಡಲು ಬರುವಂಥ ಕಂಪ್ಯೂಟರ್. ಮನೆಯಲ್ಲಿ ವಾರಗಟ್ಟಲೆ ನಡೆದ ಚರ್ಚೆಯ ನಂತರ 65 ಸಾವಿರ ರೂಪಾಯಿಯ ಮಿತಿ ನಿಗದಿಯಾಗಿತ್ತು. ಅದರ ಮೇಲೆ ಒಂದು ಸಾವಿರವೂ ಇಲ್ಲವೆಂಬುದು ನನ್ನ ಷರತ್ತು. ಬಿಡಿಭಾಗಗಳನ್ನು ತಾನೇ ಆರಿಸಿ ತಾನೇ ಜೋಡಿಸುತ್ತೇನೆ ಎಂಬುದು ಅವಳ ಷರತ್ತು.

ಮೊದಲ ಅಂಗಡಿಯಲ್ಲೇ ನನ್ನ ಮನಸ್ಸು ಕರಗಿತು. ಗಾಜಿನ ಪೆಟ್ಟಿಗೆ, ಒಳಗೆ ಬಣ್ಣ ಬದಲಿಸುತ್ತ ತಿರುಗುವ ನಾಲ್ಕು ಫ್ಯಾನುಗಳು. ಮಾನಿಟರ್ ಸೇರಿ 32 ಸಾವಿರ. 'ಸಾರ್, ಐ7 ಇದೆ, 16 ಜಿಬಿ ರ‍್ಯಾಮ್ ಇದೆ, 4 ಜಿಬಿ ಗ್ರಾಫಿಕ್ಸ್ ಕಾರ್ಡೂ ಇದೆ. ಇನ್ನೇನು ಬೇಕು?' ಎಂದರು ಅಂಗಡಿಯವರು. ಮಿತಿಯ ಅರ್ಧಕ್ಕೂ ಕಡಿಮೆ! ನಾನು ಹೂಂಗುಟ್ಟುವಷ್ಟರಲ್ಲಿ ಮಗಳು ಕೇಳಿದಳು: 'ಅಂಕಲ್, ಯಾವ ಜನರೇಷನ್ ಐ7?' 'ಐ7 ಅಂದ್ರೆ ಐ7 ಅಮ್ಮ' ಎಂಬ ಉತ್ತರ ಬಂತು. ಅವಳು ನನ್ನ ಅಂಗಿಯ ತೋಳು ಹಿಡಿದು ಹೊರಗೆ ಕರೆತಂದಳು.

ಹೊರಗೆ, ಕೈಗಾಡಿಗಳ ನಡುವೆ ನಿಂತು ಅವಳು ವಿವರಿಸಿದ್ದನ್ನು ಓದುಗರ ಮುಂದಿಡುವುದು ಉಚಿತ. ಇಂಟೆಲ್ ಕಂಪನಿಯ ಐ3, ಐ5, ಐ7 ಎಂಬವು ಒಂದೇ ಪೀಳಿಗೆಯೊಳಗಿನ ಮೇಲು-ಕೀಳುಗಳೇ ಹೊರತು ಕಾಲಾತೀತ ಪದವಿಗಳಲ್ಲ. 2013ರಲ್ಲಿ ಬಂದ ಐ7-4770ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. 2022ರ ಜನವರಿಯಲ್ಲಿ ಬಂದ ಐ3-12100ರಲ್ಲಿಯೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಒಂಬತ್ತು ವರ್ಷಗಳ ಸುಧಾರಣೆಯಿಂದಾಗಿ ಈ 'ಚಿಕ್ಕ' ಐ3 ಆ 'ದೊಡ್ಡ' ಐ7ನ್ನು ನಿರಾಯಾಸವಾಗಿ ಹಿಂದೆ ಹಾಕುತ್ತದೆ. ಪೀಳಿಗೆಯ ಗುಟ್ಟು ಇರುವುದು ಅಡ್ಡಗೆರೆಯ ನಂತರದ ಅಂಕಿಯಲ್ಲಿ: 4770ರ ಮೊದಲ 4 ನಾಲ್ಕನೆಯ ಪೀಳಿಗೆ, 12100ರ 12 ಹನ್ನೆರಡನೆಯದು. ಜಾಹೀರಾತಿನಲ್ಲಿ ಅಳಿಸಿಹೋಗುವುದು ಸರಿಯಾಗಿ ಈ ಅಂಕಿಯೇ.

ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಅಷ್ಟೇ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು 2014ರ ಜಿಟಿ 730. ಅದಕ್ಕೆ ಅಗ್ಗದ ನಿಧಾನಗತಿಯ ಮೆಮೊರಿಯನ್ನು 4 ಜಿಬಿಯಷ್ಟು ಅಂಟಿಸಿದರೆ ಹೇಳಿಕೊಳ್ಳಲು ಸಂಖ್ಯೆ ದೊಡ್ಡದಾಗುತ್ತದೆ, ಚಿತ್ರ ಮೂಡಿಸುವ ಸಾಮರ್ಥ್ಯ ಹೆಚ್ಚುವುದಿಲ್ಲ. ಕೊಳಾಯಿ ಸಣ್ಣದಿರುವ ಮನೆಯಲ್ಲಿ ಹಂಡೆ ದೊಡ್ಡದಾದರೆ ಸ್ನಾನ ಬೇಗ ಮುಗಿಯುತ್ತದೆಯೇ? ಇನ್ನೊಂದು ಮಾತು: ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಾಲ್ಕನೆಯ ಪೀಳಿಗೆಯ ಐ7ಗೆ ಜಾಗವಿಲ್ಲ. ಅಂದು ನಾನು ಆ ಪೆಟ್ಟಿಗೆಯನ್ನು ಕೊಂಡಿದ್ದರೆ ಒಂದೂವರೆ ವರ್ಷ ತುಂಬುವ ಮೊದಲೇ ಅದು ಈ ಅವಸ್ಥೆಗೆ ಬಂದಿರುತ್ತಿತ್ತು.

ಹಳೆಯ ಪ್ರೊಸೆಸರನ್ನು ಮಾರುವುದು ಅಪರಾಧವಲ್ಲ. ಪತ್ರ ಬರೆಯಲು, ಲೆಕ್ಕ ಇಡಲು ಅದು ಇಂದಿಗೂ ಸಾಕು. ಹಳೆಯದೆಂದು ಹೇಳಿ ಹತ್ತು-ಹನ್ನೆರಡು ಸಾವಿರಕ್ಕೆ ಮಾರಿದರೆ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಉಪಕಾರವೂ ಆದೀತು. ನನ್ನ ಆಕ್ಷೇಪವಿರುವುದು ವಯಸ್ಸನ್ನು ಮುಚ್ಚಿಟ್ಟು 'ಗೇಮಿಂಗ್' ಎಂಬ ಹೊಸ ಅಂಗಿ ತೊಡಿಸುವ ಬಗ್ಗೆ.

ಈ ವಿಷಯದಲ್ಲಿ ನನಗೆ ಹಳೆಯ ನೋವೊಂದಿದೆ. 2009ರಲ್ಲಿ ನಾನೂ ಒಂದು ಅಸೆಂಬಲ್ಡ್ ಕಂಪ್ಯೂಟರ್ ಕೊಂಡಿದ್ದೆ. ಪ್ರೊಸೆಸರ್ ಯಾವುದು, ಹಾರ್ಡ್ ಡಿಸ್ಕ್ ಎಷ್ಟು ಎಂದೆಲ್ಲ ವಿಚಾರಿಸಿದವನು ವಿದ್ಯುತ್ ಪೂರೈಸುವ ಭಾಗ, ಅಂದರೆ ಎಸ್‌ಎಂಪಿಎಸ್, ಯಾವುದೆಂದು ಕೇಳಲೇ ಇಲ್ಲ. ಅದು ಕ್ಯಾಬಿನೆಟ್ಟಿನ ಜೊತೆಗೇ ಪುಕ್ಕಟೆಯಾಗಿ ಬಂದಿತ್ತು. ಮೇಲೆ 450 ವಾಟ್ ಎಂದು ಬರೆದ ಚೀಟಿ. ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ. ಎರಡು ವರ್ಷಗಳ ನಂತರ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ತಿಂಗಳೊಳಗೆ ಒಂದು ಸಂಜೆ ಪಟಾರನೆ ಸದ್ದಾಗಿ ಸುಟ್ಟ ವಾಸನೆ ಬಂತು. ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಹೋಯಿತು. ಆ ಡಿಸ್ಕಿನಲ್ಲಿ ನನ್ನ ತಂದೆಯವರ ಕೊನೆಯ ಎರಡು ವರ್ಷಗಳ ಛಾಯಾಚಿತ್ರಗಳಿದ್ದವು. ಬೇರೆಡೆ ಪ್ರತಿ ತೆಗೆದಿಡದಿದ್ದುದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಅಂಗಡಿಗೆ ಹೋಗಿ ಕೇಳಿದಾಗ ರಸೀದಿಯಲ್ಲಿ ಇದ್ದದ್ದು 'ಕಂಪ್ಯೂಟರ್ ಒಂದು' ಎಂಬ ಎರಡೇ ಪದ. ಯಾವ ಭಾಗಕ್ಕೆಂದು ವಾರಂಟಿ ಕೇಳಲಿ?

ಹೀಗಾಗಿ ಈ ಸಲ ಮಗಳು ತನ್ನ ಪಟ್ಟಿಯಲ್ಲಿ ಎಸ್‌ಎಂಪಿಎಸ್ಸಿಗೆ 4 ಸಾವಿರ ಬರೆದಿದ್ದನ್ನು ಕಂಡು ನನಗೆ ಅಚ್ಚರಿಯೂ ಸಮಾಧಾನವೂ ಆದವು. ಅವಳ ಲೆಕ್ಕ ಸರಳವಾಗಿತ್ತು. ಗ್ರಾಫಿಕ್ಸ್ ಕಾರ್ಡ್ 132 ವಾಟ್, ಪ್ರೊಸೆಸರ್ 65, ಉಳಿದದ್ದೆಲ್ಲ ಸೇರಿ ಐವತ್ತರ ಆಸುಪಾಸು, ಒಟ್ಟು 250. ಕ್ಷಣಮಾತ್ರದ ಏರಿಳಿತಗಳಿಗೆ, ಮುಂದೆ ದೊಡ್ಡ ಕಾರ್ಡ್ ಹಾಕುವುದಕ್ಕೆ ಜಾಗ ಬಿಟ್ಟರೂ 550 ವಾಟ್ ಧಾರಾಳ. ಒಬ್ಬ ವ್ಯಾಪಾರಿ 750 ಕೊಳ್ಳಲೇಬೇಕೆಂದು ಪಟ್ಟು ಹಿಡಿದರು. ಹೆಸರಿಲ್ಲದ 750ಕ್ಕಿಂತ ಹೆಸರುಳ್ಳ 550 ಮೇಲು ಎಂದಳು ಮಗಳು. '80 ಪ್ಲಸ್ ಬ್ರಾಂಜ್' ಎಂಬ ಮುದ್ರೆ ಇದ್ದರೆ ಅರ್ಧ ಹೊರೆಯಲ್ಲಿ ಶೇ 85ರಷ್ಟು ದಕ್ಷತೆ ಇದೆಯೆಂದು ಅರ್ಥ. ಆದರೆ ಅದು ವಿದ್ಯುತ್ ಪೋಲಾಗದಿರುವುದರ ಮುದ್ರೆಯೇ ವಿನಾ ಒಳಗಿನ ರಕ್ಷಣಾ ವ್ಯವಸ್ಥೆ ಗಟ್ಟಿಯಾಗಿದೆ ಎಂಬುದರ ಖಾತರಿಯಲ್ಲ. ಅದಕ್ಕಾಗಿ ವಾರಂಟಿ ಎಷ್ಟು ವರ್ಷದ್ದು, ಬಿಚ್ಚಿ ಪರೀಕ್ಷಿಸಿದವರು ಏನೆಂದಿದ್ದಾರೆ ಎಂಬುದನ್ನು ಹುಡುಕಿ ಓದಬೇಕು. ಓದಿದ್ದಳು.

ಉಳಿದ ಹಣದ ಹಂಚಿಕೆಯಲ್ಲಿ ಅವಳದು ಒಂದೇ ಸೂತ್ರ: ಎಲ್ಲಿ ಇಕ್ಕಟ್ಟಾಗುತ್ತದೋ ಅಲ್ಲಿಗೆ ಹಣ. ಗೇಮುಗಳಲ್ಲಿ ಮೊದಲು ಸುಸ್ತಾಗುವುದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ಅದಕ್ಕೆ ಸಿಂಹಪಾಲು, ಸುಮಾರು 20 ಸಾವಿರ. 8 ಜಿಬಿಯ ಆರ್‌ಎಕ್ಸ್ 6600. ಆ ಕಾರ್ಡಿನ ಶಕ್ತಿಗೆ ತಕ್ಕ ಪರದೆ 1920-1080 ಚುಕ್ಕೆಗಳದ್ದು, ಅಂದರೆ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳು. ನಾನು ಆಸೆಪಟ್ಟ 4ಕೆ ಪರದೆಯಲ್ಲಿ ಇದರ ನಾಲ್ಕು ಪಟ್ಟು. ಪ್ರತಿ ಸೆಕೆಂಡಿಗೆ 60 ಸಲ ಅಷ್ಟನ್ನೂ ಹೊಸದಾಗಿ ಬರೆಯಬೇಕೆಂದರೆ 20 ಸಾವಿರದ ಕಾರ್ಡ್ ಏದುಸಿರು ಬಿಡುತ್ತದೆ. ಪರದೆ ಹಿರಿದಾದಷ್ಟೂ ಆಟ ಚೆನ್ನ ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಮಾನಿಟರಿಗೆ ಒಂಬತ್ತೂವರೆ ಸಾವಿರ.

ಪ್ರೊಸೆಸರ್ ಆರು ಕೋರಿನ ರೈಜೆನ್ 5 5600, ಹನ್ನೊಂದೂವರೆ ಸಾವಿರ. ತಂಪಾಗಿಸುವ ಫ್ಯಾನ್ ಡಬ್ಬದೊಳಗೇ ಇತ್ತು. 2022ರಲ್ಲಿ ಬಂದದ್ದು, ಅದರ ಎಎಂ4 ಸಾಕೆಟ್ಟಿನ ಮುಂದಿನ ತಲೆಮಾರು ಆಗಲೇ ಮಾರುಕಟ್ಟೆಯಲ್ಲಿತ್ತು. ಹಳತನ್ನು ಟೀಕಿಸಿದವಳೇ ಹಳತನ್ನು ಕೊಳ್ಳಬಹುದೇ ಎಂದು ಕೆಣಕಿದೆ. ಹೊಸ ಸಾಕೆಟ್ಟಿಗೆ ಡಿಡಿಆರ್5 ಮೆಮೊರಿಯೇ ಬೇಕು, ಬೋರ್ಡೂ ದುಬಾರಿ, ಆ ವ್ಯತ್ಯಾಸವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಕಿತ್ತುಕೊಳ್ಳಬೇಕಾಗುತ್ತದೆ ಎಂಬುದು ಅವಳ ಉತ್ತರ. 'ಇದರ ವಯಸ್ಸು ಎಷ್ಟು ಅಂತ ಗೊತ್ತಿದ್ದೇ ತಗೋತಿದೀನಿ ಅಪ್ಪ' ಎಂದೂ ಸೇರಿಸಿದಳು. ಮದರ್‌ಬೋರ್ಡ್ ಎಂಟೂವರೆ ಸಾವಿರ. ಮೆಮೊರಿ 16 ಜಿಬಿ; ಒಂದೇ ಪಟ್ಟಿಯಾಗಿ ಅಲ್ಲ, 8ರ ಎರಡು ಪಟ್ಟಿಗಳಾಗಿ. ಎರಡು ಪಟ್ಟಿಗಳಿದ್ದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯುತ್ತದೆ. ಬೋರ್ಡಿನಲ್ಲಿ ನಾಲ್ಕು ಗೂಡುಗಳಿದ್ದುದರಿಂದ ಎರಡು ಮುಂದಿನ ದಿನಗಳಿಗಾಗಿ ಖಾಲಿ ಉಳಿದವು. ಎಸ್‌ಎಸ್‌ಡಿ, ಬಣ್ಣದ ದೀಪಗಳಿಲ್ಲದ ಸಾದಾ ಕ್ಯಾಬಿನೆಟ್ ಸೇರಿ ಲೆಕ್ಕ ಮುಗಿದಾಗ ಮಿತಿಗಿಂತ ಮುನ್ನೂರು ರೂಪಾಯಿ ಹೆಚ್ಚಾಗಿತ್ತು. ಅದನ್ನು ಅವಳ ಅಜ್ಜಿ ಕೊಟ್ಟರು.

ಆಟಕ್ಕೆ ಇಷ್ಟು ಹಣವೇ ಎಂದು ಕೇಳಿದ ಬಂಧುಗಳಿಗೆ ನಾನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಇಂತಿಷ್ಟೇ ಹಣದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ಮೂರು ವಾರ ತಲೆಕೆಡಿಸಿಕೊಂಡ ಹುಡುಗಿಯನ್ನು ನೋಡಿದ್ದೆ, ಅಷ್ಟು ಸಾಕಿತ್ತು.

ಆದರೆ ಎಲ್ಲ ಮನೆಗಳಲ್ಲೂ ಇಂಥ ಮಗಳು ಇರಬೇಕೆಂದು ನಿರೀಕ್ಷಿಸಲಾದೀತೆ? ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ತಯಾರಾದ ದಿನಾಂಕ ಇರುತ್ತದೆ. ಕಾನೂನು ಹಾಗೆಂದು ವಿಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕರ ಹಕ್ಕೆಂದೇ ಹೇಳುತ್ತದೆ. ಹೀಗಿರುವಾಗ ಮೂವತ್ತು, ನಲವತ್ತು ಸಾವಿರ ಕೊಟ್ಟು ಒಯ್ಯುವ ಜೋಡಿಸಿದ ಕಂಪ್ಯೂಟರಿನ ಮೇಲೆ 'ಐ7' ಎಂಬ ಎರಡಕ್ಷರದಷ್ಟೇ ಮಾಹಿತಿ ಏಕೆ? ಪ್ರೊಸೆಸರ್, ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ಎಸ್‌ಎಂಪಿಎಸ್ ಪ್ರತಿಯೊಂದರ ಪೂರ್ಣ ಮಾದರಿ ಹೆಸರು, ಅದು ಮಾರುಕಟ್ಟೆಗೆ ಬಂದ ವರ್ಷ, ಹೊಸದೋ ಬಳಸಿದ್ದೋ ಎಂಬ ಮೂರು ಸಂಗತಿಗಳು ಜಾಹೀರಾತಿನಲ್ಲೂ ರಸೀದಿಯಲ್ಲೂ ಕಡ್ಡಾಯವಾಗಬೇಕು. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಪರವಾನಗಿ ಬೇಡ. ಒಂದು ಹಾಳೆ ಸಾಕು.

ವ್ಯಾಪಾರಿಗಳ ಕಷ್ಟವನ್ನೂ ಬಲ್ಲೆ. ಆನ್‌ಲೈನ್ ಮಾರಾಟದ ಪೈಪೋಟಿಯಲ್ಲಿ ಅವರ ಲಾಭ ಸವೆದಿದೆ. ನಾವು ಬಿಡಿಭಾಗಗಳನ್ನು ಕೊಂಡ ಅಂಗಡಿಯವರು ಎಲ್ಲ ಎಂಟು ವಸ್ತುಗಳ ಮಾದರಿ, ಕ್ರಮಸಂಖ್ಯೆ ಬರೆದು, ಶೇ 18ರ ಜಿಎಸ್‌ಟಿ ಸಮೇತ ರಸೀದಿ ಕೊಟ್ಟರು. 'ಬಿಲ್ ಬೇಡ ಅಂದ್ರೆ ಕಡಿಮೆಗೆ ಕೊಡಿ ಅಂತ ಗಿರಾಕಿಗಳೇ ಕೇಳ್ತಾರೆ ಸಾರ್' ಎಂದು ನಕ್ಕರು. ಅದೂ ಸುಳ್ಳಲ್ಲ. ಉಳಿಸಿದ ಆ ಹಣಕ್ಕೆ ವಾರಂಟಿಯನ್ನೇ ತೆತ್ತಿರುತ್ತೇವೆ ಎಂಬುದು ಕಾರ್ಡ್ ಕೆಟ್ಟ ದಿನ ನೆನಪಾಗುತ್ತದೆ.

ಯಂತ್ರ ಈಗಲೂ ಚೆನ್ನಾಗಿ ಓಡುತ್ತಿದೆ. ಆ ಎರಡು ಖಾಲಿ ಗೂಡುಗಳನ್ನು ತುಂಬಲು ಮಗಳು ತನ್ನ ಕೈಖರ್ಚಿನಲ್ಲಿ ಉಳಿಸುತ್ತಿದ್ದಳು. 2024ರಲ್ಲಿ 16 ಜಿಬಿಗೆ ನಾವು ಕೊಟ್ಟದ್ದು 3,300 ರೂಪಾಯಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಗಗನಕ್ಕೇರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿಗಾಗಿ ಚಿಪ್ ತಯಾರಕರು ತಮ್ಮ ಕಾರ್ಖಾನೆಗಳನ್ನು ಅತ್ತ ತಿರುಗಿಸಿದರು. ಮೈಕ್ರಾನ್ ಕಂಪನಿಯಂತೂ ಮನೆಬಳಕೆದಾರರಿಗೆ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ಬ್ರ್ಯಾಂಡಿನ ವ್ಯವಹಾರವನ್ನೇ ಮುಚ್ಚುವುದಾಗಿ ಆ ಡಿಸೆಂಬರಿನಲ್ಲಿ ಘೋಷಿಸಿತು. ಅಂದು ಬರೆದ ಪಟ್ಟಿ ಅವಳ ಕಪಾಟಿನ ಬಾಗಿಲಿಗೆ ಇನ್ನೂ ಅಂಟಿಕೊಂಡಿದೆ. ಮೆಮೊರಿಯ ಸಾಲಿನ ಪಕ್ಕ ತಿಂಗಳಿಗೊಮ್ಮೆ ವಿಚಾರಿಸಿದ ದರಗಳನ್ನು ಪೆನ್ಸಿಲಿನಲ್ಲಿ ಬರೆದು, ಹಿಂದಿನದರ ಮೇಲೆ ಗೆರೆ ಎಳೆದಿದ್ದಾಳೆ. ಗೂಡುಗಳು ಖಾಲಿಯೇ ಇವೆ.