ಬಿಸಿಯೂಟದ ಎಣ್ಣೆ ಡಬ್ಬ

2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು.

ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಒಳ್ಳೆಯದೇ. ಆದರೆ ಇಂಥ ವಿಷದ ಲಕ್ಷಣಗಳು ತುತ್ತು ನುಂಗಿದ ಕೂಡಲೇ ಕಾಣಿಸಬೇಕೆಂದಿಲ್ಲ. ಅಷ್ಟರಲ್ಲಿ ಮಕ್ಕಳ ಊಟ ಮುಗಿದಿರುತ್ತದೆ. ಕಾವಲು ಉಗ್ರಾಣದಲ್ಲೇ ಇರಬೇಕು. ಕೀಟನಾಶಕದ ಡಬ್ಬವನ್ನು ತೊಳೆದು ಮನೆಗೆ ಬಳಸುವವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. (ಹೊಲಕ್ಕೆ ಹೊಡೆಯುವ ವಿಷವನ್ನು ನಾವು ‘ಔಷಧಿ’ ಎನ್ನುತ್ತೇವಲ್ಲ!) ಎಷ್ಟು ತೊಳೆದರೂ ಅದು ಅಡುಗೆಮನೆಗೆ ಸಲ್ಲದು. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಂದೆತಾಯಿಗಳು ಆಗಾಗ ಹೋಗಿ ಎಣ್ಣೆ ಡಬ್ಬ ನೋಡಲಿ.

ಊಟದ ನಂತರ ಮಕ್ಕಳಲ್ಲಿ ವಾಂತಿ, ಜೊಲ್ಲು, ವಿಪರೀತ ಬೆವರು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಉಳಿದ ಊಟವನ್ನೂ ಆಸ್ಪತ್ರೆಗೆ ಒಯ್ಯಿರಿ.