ಮಂತ್ರದಂಡಕ್ಕೂ ನಿಯಮ ಉಂಟು

ಪರೀಕ್ಷೆ ಹತ್ತಿರ ಬಂತೆಂದರೆ ಹಲವು ಮನೆಗಳಲ್ಲಿ ಮೊದಲು ಬೀರು ಸೇರುವುದು ಕಥೆ ಪುಸ್ತಕ. ಅದು ಪತ್ತೇದಾರಿ ಕಾದಂಬರಿಯೋ ಮಾಯಾಮಂತ್ರದ ಕಾದಂಬರಿಯೋ ಆಗಿದ್ದರೆ ಪಾಲಕರ ಸಿಟ್ಟು ಇನ್ನಷ್ಟು ಜೋರು. ‘ವಿಜ್ಞಾನ ಓದು ಅಂದರೆ ಮಾಟಗಾರರ ಕಥೆ ಹಿಡಿದು ಕೂತಿದ್ದಾನೆ’ ಎಂಬ ದೂರು. ಬೀಗ ಹಾಕುವ ಮುನ್ನ ಪಾಲಕರೂ ಆ ಪುಸ್ತಕವನ್ನೊಮ್ಮೆ ಓದುವುದು ಒಳ್ಳೆಯದು. ಇಂಥ ಪುಸ್ತಕಗಳಲ್ಲಿ ಜೊಳ್ಳೂ ಇದೆ, ಕಾಳೂ ಇದೆ. ಬೇರ್ಪಡಿಸುವ ಮೊರ ಒಂದೇ: ಲೇಖಕ ತಾನು ಹಾಕಿಕೊಂಡ ನಿಯಮಕ್ಕೆ ಕೊನೆಯವರೆಗೂ ಬದ್ಧನಾಗಿದ್ದಾನೆಯೇ?

ಪತ್ತೇದಾರಿ ಕಥೆಗೆ ಇಂಥ ಹತ್ತು ಕಟ್ಟಳೆಗಳನ್ನು ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದಿಟ್ಟರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಯಾರೂ ಕಂಡುಹಿಡಿಯದ ವಿಷವನ್ನು ತಂದು ಕೊಲೆ ಮಾಡಿಸಬಾರದು. ಅಗಾಥಾ ಕ್ರಿಸ್ಟಿಗೆ ಹೊಸ ವಿಷ ಬೇಕಾಗಲೇ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಆಕೆ 1920ರ ತಮ್ಮ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಸ್ಟ್ರಿಕ್ನಿನ್ ಬಳಸಿದರು. ಅದರ ಬೀಗದ ಕೈ ಇರುವುದು ಶಾಲೆಯಲ್ಲಿ ಹೇಳಿಕೊಡುವ ‘ಅವಕ್ಷೇಪ’ದ ಪಾಠದಲ್ಲಿ. (ಇದಕ್ಕಿಂತ ಹೆಚ್ಚು ಹೇಳಿದರೆ ಸ್ವಾರಸ್ಯ ಕೆಟ್ಟೀತು!) ಔಷಧ ತಯಾರಕರ ‘ಫಾರ್ಮಾಸ್ಯುಟಿಕಲ್ ಜರ್ನಲ್’ ಪತ್ರಿಕೆಯೇ ಆ ಪುಸ್ತಕವನ್ನು ಮೆಚ್ಚಿ ಬರೆಯಿತು.

ಕಾನನ್ ಡಾಯ್ಲ್ ಇಲ್ಲಿ ಸ್ವಲ್ಪ ಜಾರಿದ್ದಾರೆ. 1902ರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ನ ಬೆಳಕು ಸೂಸುವ ನಾಯಿಯ ಗುಟ್ಟು ಈಗ ಎಲ್ಲರಿಗೂ ಗೊತ್ತಿರುವಂಥದ್ದೇ: ಮೈಗೆ ಬಳಿದ ರಂಜಕ. ಆದರೆ ಪ್ರಯೋಗಶಾಲೆಯಲ್ಲಿ ಬಿಳಿ ರಂಜಕವನ್ನು ನೀರಿನೊಳಗೆ ಇಡುವುದೇಕೆ? ಗಾಳಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳುತ್ತದೆ, ಮೇಲಾಗಿ ಕಡುವಿಷ. ನಾಯಿ ಮೈ ನೆಕ್ಕದೆ ಇದ್ದೀತೆ? ಈ ತಕರಾರು ಎತ್ತುವ ಹುಡುಗಿ ಪಾಠವನ್ನೂ ಓದಿದ್ದಾಳೆ, ಕಾದಂಬರಿಯನ್ನೂ ಓದಿದ್ದಾಳೆ ಎಂದೇ ಅರ್ಥ.

ಮಾಯಾಲೋಕದಲ್ಲಿ ಏನು ಬೇಕಾದರೂ ಆಗಬಹುದಲ್ಲ ಎನ್ನಬಹುದು. ಏನು ಬೇಕಾದರೂ ಆಗುವ ಕಥೆ ಹತ್ತು ಪುಟಕ್ಕೇ ಬೇಸರ ತರಿಸುತ್ತದೆ. ಉರ್ಸುಲಾ ಲೆ ಗ್ವಿನ್ ಅವರಿಂದ ಪ್ರಕಾಶಕರು ಹದಿಹರೆಯದವರಿಗೆಂದೇ ಕೇಳಿ ಬರೆಸಿದ ‘ಎ ವಿಝಾರ್ಡ್ ಆಫ್ ಅರ್ತ್‌ಸೀ’ (1968) ನೋಡಿ. ಅಲ್ಲಿನ ಮಂತ್ರವಾದಿ ಒಂದು ದ್ವೀಪದಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪಕ್ಕೆ ಬರ ಬರಬಹುದು. ಪುಕ್ಕಟೆ ಏನೂ ಇಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಇದು ಥಟ್ಟನೆ ಹಿಡಿಸುತ್ತದೆ.

1997ರ ಮೊದಲ ಹ್ಯಾರಿ ಪಾಟರ್ ಪುಸ್ತಕ ಹೊರಗೆ ಮಾಯಾಕಥೆ, ಒಳಗೆ ಪಕ್ಕಾ ಪತ್ತೇದಾರಿ. ಮಕ್ಕಳು ಗ್ರಂಥಾಲಯದಲ್ಲೆಲ್ಲ ತಡಕಾಡುವ ನಿಕೊಲಸ್ ಫ್ಲಾಮೆಲ್ ಎಂಬ ಹೆಸರನ್ನು ಹ್ಯಾರಿ ರೈಲಿನಲ್ಲೇ, ಚಾಕೊಲೇಟ್ ಜೊತೆ ಬಂದ ಚೀಟಿಯಲ್ಲಿ ಓದಿರುತ್ತಾನೆ. ಓದುಗನೂ ಓದಿ ಮರೆತಿರುತ್ತಾನೆ. ಫ್ಲಾಮೆಲ್ 1418ರಲ್ಲಿ ತೀರಿಕೊಂಡ ಪ್ಯಾರಿಸ್ಸಿನ ನಿಜವಾದ ಲಿಪಿಕಾರ ಎಂಬುದು ಇನ್ನೊಂದು ಸ್ವಾರಸ್ಯ. ಆದರೆ ಮೂರನೆಯ ಪುಸ್ತಕದ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರ ರೌಲಿಂಗ್‌ಗೆ ತೊಡಕಾಯಿತು. ಅಂಥದ್ದೊಂದು ಕೈಯಲ್ಲಿದ್ದರೆ ಬೇರೆ ಅನಾಹುತಗಳನ್ನೂ ತಪ್ಪಿಸಬಹುದಿತ್ತಲ್ಲ? ಐದನೆಯ ಪುಸ್ತಕದಲ್ಲಿ ಆ ಯಂತ್ರಗಳೆಲ್ಲ ಪುಡಿಯಾಗುತ್ತವೆ. ಪತ್ತೇದಾರಿ ನ್ಯಾಯದಲ್ಲಿ ಇದಕ್ಕೆ ಅರ್ಧ ಅಂಕ ಮಾತ್ರ.

ಇಂಗ್ಲಿಷ್ ಕಷ್ಟವೆನ್ನುವವರು ತೇಜಸ್ವಿಯವರ ‘ಕರ್ವಾಲೊ’ದಿಂದಲೇ (1980) ತೊಡಗಬಹುದು. ಅಲ್ಲಿ ಕೊಲೆಯೂ ಇಲ್ಲ, ಮಂತ್ರವೂ ಇಲ್ಲ. ಹಾರುವ ಓತಿಯೊಂದರ ಬೆನ್ನು ಹತ್ತಿದವರಿದ್ದಾರೆ, ಅಷ್ಟೆ. ಆದರೂ ಪುಸ್ತಕ ಕೆಳಗಿಡಲಾಗುವುದಿಲ್ಲ.

ಪತ್ತೇದಾರಿ ಕಾದಂಬರಿ ಹಿಡಿದ ಮಗ ಅಥವಾ ಮಗಳನ್ನು ಕೊನೆಯ ಇಪ್ಪತ್ತು ಪುಟಗಳ ಮುಂಚೆ ತಡೆದು, ಅಪರಾಧಿ ಯಾರಿರಬಹುದು, ಯಾವ ಪುಟದ ಯಾವ ಸುಳಿವಿನಿಂದ ಹಾಗನಿಸಿತು ಎಂದು ಒಂದು ಹಾಳೆಯಲ್ಲಿ ಬರೆಸಿ. ಹಾಳೆಯನ್ನು ಮಡಿಸಿ ಪುಸ್ತಕದಲ್ಲೇ ಇಡಲಿ. ಆಮೇಲೆ ಅದೇ ಪುಸ್ತಕವನ್ನು ಅಪ್ಪನೋ ಅಮ್ಮನೋ ಓದಿ ಇನ್ನೊಂದು ಹಾಳೆ ಬರೆಯಲಿ.